ಬೋನಸ್‌ನಲ್ಲಿ ಟ್ಯಾಕ್ಸ್ ‘ಕಡಿದರೋ’, ‘ಹಿಡಿದರೋ’?

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಒಂದು ಸಣ್ಣ ಕಾರ್ಖಾನೆಯ ಲೆಕ್ಕ ನೋಡುತ್ತೇನೆ. ಪಗಾರ ಚೀಟಿಯನ್ನು ಪೂರ್ತಿ ಕನ್ನಡದಲ್ಲಿ ಕೊಡೋಣ ಅಂತ ಕೂತಿದ್ದೇನೆ. ಉಳಿದ ಸಾಲುಗಳು ಸಲೀಸಾಗಿ ಆದವು. ಎರಡರಲ್ಲಿ ಸಿಕ್ಕಿಬಿದ್ದಿದ್ದೇನೆ. ಒಂದು ಬೋನಸ್. ಇನ್ನೊಂದು, ಅದರಲ್ಲಿ ಹೋಗುವ ಟ್ಯಾಕ್ಸ್.

ಬೋನಸ್‌ಗೆ ಮೊದಲು ‘ಲಾಭಾಂಶ’ ಅಂತ ಹಾಕಿದ್ದೆ. ಲೇತ್ ಮೇಲೆ ಕೆಲಸ ಮಾಡುವ ಹಿರಿಯರೊಬ್ಬರು ಕರಡು ನೋಡಿ ಕೇಳಿದರು: “ಈ ವರ್ಷ ಲಾಭ ಆಗಿಲ್ಲಂತ ಹೇಳ್ಯಾರಲ್ರೀ, ಹಂಗಾರ ನಮಗ ಬರಂಗಿಲ್ಲೇನು?” ನನ್ನ ಪದವೇ ಅವರನ್ನು ಹೆದರಿಸಿತ್ತು. ಬೋನಸ್ ಕಾಯ್ದೆಗೆ ಒಳಪಟ್ಟವರಿಗೆ ವರ್ಷದ ಪಗಾರದ ಕನಿಷ್ಠ 8.33% ಬೋನಸ್ ಸಿಗಲೇಬೇಕು, ಕಾರ್ಖಾನೆ ನಷ್ಟದಲ್ಲಿದ್ದರೂ. ಹೊಸದಾಗಿ ಶುರುವಾದ ಕಾರ್ಖಾನೆಗಳಿಗೆ ಮಾತ್ರ ಮೊದಲ ಕೆಲವು ವರ್ಷ ವಿನಾಯಿತಿ. ಲಾಭ ಜಾಸ್ತಿ ಇದ್ದರೆ ಅದು 20%ವರೆಗೆ ಏರುತ್ತದೆ. 1965ರ ಕಾಯ್ದೆಯಲ್ಲಿ ಹೀಗಿತ್ತು, 2019ರ ವೇತನ ಸಂಹಿತೆಯಲ್ಲೂ ಈ ಎರಡು ಅಂಕಿ ಹಾಗೇ ಇವೆ. ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ, 8.33 ಬರುತ್ತದೆ. ಅಂದರೆ, ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವ ಪಗಾರದ ಮಟ್ಟಿಗೆ, ವರ್ಷಕ್ಕೆ ಹದಿಮೂರನೇ ಪಗಾರ.

ಇನ್ನೊಂದು ತೊಡಕೂ ಇದೆ. ಗದಗ ಸೀಮೆಯವರಿಗೆ ಲಾಭಾಂಶ ಅಂದರೆ ಸೊಸೈಟಿಯ ಷೇರಿನ ಮೇಲೆ ಬರುವ ದುಡ್ಡು. ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನೆಲ ಅದು. ಅಲ್ಲಿಂದ ದಿನಾ ರೈಲಿಗೆ ಬರುವವರು ನಮ್ಮಲ್ಲಿದ್ದಾರೆ. ಅವರಿಗೆ ಆ ಪದ ಆಗಲೇ ಬೇರೆ ಕೆಲಸದಲ್ಲಿದೆ.

‘ಇನಾಮು’, ‘ಬಕ್ಷೀಸು’ ಎರಡನ್ನೂ ನಾನು ಒಪ್ಪುವುದಿಲ್ಲ. ಅವು ಕೊಡುವವರ ಖುಷಿ. 1918ರ ಅಹಮದಾಬಾದಿನ ಗಿರಣಿ ಜಗಳವೇ ಈ ಪದದ ಜಗಳ ಅಂತ ನನಗನ್ನಿಸುತ್ತದೆ. ಪ್ಲೇಗ್ ಬಂದಾಗ ಕೆಲಸಗಾರರು ಊರು ಬಿಡದಿರಲಿ ಅಂತ ಮಾಲೀಕರು ಬೋನಸ್ ಕೊಟ್ಟರು. ಪ್ಲೇಗ್ ಹೋಯಿತು, ಬೋನಸ್ಸೂ ನಿಂತಿತು. ಕೊಟ್ಟವರಿಗೆ ಅದು ಬಕ್ಷೀಸು, ಪಡೆದವರಿಗೆ ಪಗಾರ. ಗಾಂಧೀಜಿ ಉಪವಾಸ ಕೂರುವ ತನಕ ಹೋಯಿತು ಆ ಮಾತು.

ಇಲ್ಲಿನ ರೈಲ್ವೆಯವರಂತೂ ಬೋನಸ್ಸನ್ನು ದಿನದಲ್ಲಿ ಎಣಿಸುತ್ತಾರೆ. ದಸರೆ ಹತ್ತಿರ ಬಂದರೆ ಗದಗ ರಸ್ತೆಯ ವರ್ಕ್‌ಶಾಪ್ ಮುಂದಿನ ಚಹಾದಂಗಡಿಯಲ್ಲಿ ಒಂದೇ ಪ್ರಶ್ನೆ: “ಎಷ್ಟ ದಿನದ್ದ ಬಂತು?” ಇತ್ತೀಚಿನ ವರ್ಷಗಳಲ್ಲಿ 78 ದಿನದ್ದು. ತಿಂಗಳಿಗೆ 7,000 ರೂಪಾಯಿಯ ಮಿತಿಯಲ್ಲಿ ಲೆಕ್ಕ ಹಾಕುವುದರಿಂದ ಹೆಚ್ಚೆಂದರೆ 17,951 ರೂಪಾಯಿ ಕೈಗೆ. ಅವರಿಗೆ ಬೋನಸ್ ಬೋನಸ್ಸೇ. ಪಗಾರ ಕೂಡ ಪೋರ್ಚುಗೀಸರಿಂದ ಬಂದ ಪದ, ಈಗ ನಮ್ಮದೇ ಅಲ್ವಾ? ಹಾಗಾಗಿ ಬೋನಸ್ ಅಂತಲೇ ಬಿಡುತ್ತೇನೆ.

ನಿಜವಾದ ತಲೆನೋವು ಎರಡನೆಯದು. ನಮ್ಮ ಓಣಿಯ ಹುಡುಗ ಒಬ್ಬ ಬೇರೊಂದು ಕಂಪನಿಯಲ್ಲಿದ್ದಾನೆ. ತಿಂಗಳಿಗೆ 60,000 ಪಗಾರ. ಹೋದ ದೀಪಾವಳಿಗೆ ಒಂದು ಪಗಾರದಷ್ಟು ಬೋನಸ್ ಬಂತು. ಚೀಟಿಯಲ್ಲಿ ಕೆಳಗಡೆ ‘ಬೋನಸ್ ತೆರಿಗೆ ಕಡಿತ 12,480’. ಬೋನಸ್‌ಗೆ ಬೇರೆಯೇ ತೆರಿಗೆ ಇದೆ, ಅದು ಹೋದದ್ದು ಹೋಯಿತು ಅಂತ ಸುಮ್ನೆ ಕೂತಿದ್ದ. ಅವನ ತಾಯಿ ಹಟ್ಟಿಹಬ್ಬಕ್ಕೆ ತರಬೇಕೆಂದಿದ್ದ ಸೀರೆಯನ್ನೂ ಬಿಟ್ಟಿದ್ದರು.

ಬೋನಸ್‌ಗೆ ಬೇರೆ ತೆರಿಗೆ ಅಂತ ಇಲ್ಲ. ಅದೂ ಪಗಾರದ ಆದಾಯವೇ. ಕಂಪನಿಯವರು ಇಡೀ ವರ್ಷದ ಆದಾಯ ಅಂದಾಜು ಮಾಡಿ ತೆರಿಗೆ ತೆಗೆದಿಡುತ್ತಾರೆ. ಬೋನಸ್ ಬಂದ ತಿಂಗಳು ಅಂದಾಜು ಏರುತ್ತದೆ, ಹೆಚ್ಚಿನ ತೆರಿಗೆಯನ್ನು ಆ ತಿಂಗಳೇ ತೆಗೆಯುವುದು ರೂಢಿ. ಆದಾಯ ತೆರಿಗೆಯಲ್ಲಿ ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ. ಇವನು ವರ್ಷದ ಶುರುವಿಗೆ ಹಳೆ ಪದ್ಧತಿಗೆ ಟಿಕ್ ಹಾಕಿ, ಉಳಿತಾಯದ ಕಾಗದ ಕೊಡದೆ ಬಿಟ್ಟಿದ್ದ. 20% ಹಂತಕ್ಕೆ ಬಿದ್ದ, ತೆರಿಗೆಯ ಮೇಲಿನ ಸೆಸ್ ಸೇರಿ 12,480 ಆಯಿತು. ಹೊಸ ಪದ್ಧತಿಯಲ್ಲಿ 2025-26ಕ್ಕೆ 12 ಲಕ್ಷದವರೆಗಿನ ತೆರಿಗೆಯ ಆದಾಯಕ್ಕೆ ಏನೂ ಕಟ್ಟಬೇಕಿಲ್ಲ, ಪಗಾರದವರಿಗೆ ಮೇಲೆ 75,000 ರಿಯಾಯಿತಿ. ಇವನ ವರ್ಷದ ಲೆಕ್ಕ 7.8 ಲಕ್ಷ. ಗಡುವಿನೊಳಗೆ ಹೊಸ ಪದ್ಧತಿ ಆರಿಸಿ ರಿಟರ್ನ್ ತುಂಬಿದರೆ ಅಷ್ಟೂ ವಾಪಸ್ ಬರಬೇಕಾದ ದುಡ್ಡು. ‘ಕಡಿತ’ ಅನ್ನುವ ಪದ ಅವನಿಗೆ ಅದನ್ನು ಹೇಳಲೇ ಇಲ್ಲ. ಮರ ಕಡಿದ ಮೇಲೆ ಮತ್ತೆ ಕೂಡುವುದುಂಟೇ?

ನಮ್ಮ ಕಡೆ ಬಾಯಿಮಾತಿನಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಇದೆ. ಅಡ್ವಾನ್ಸ್ ವಸೂಲಾದರೆ “ಪಗಾರದಾಗ ಮುರಕೊಂಡ್ರು” ಅನ್ನುತ್ತಾರೆ. ಲೆಕ್ಕ ಮುಗಿಯಿತು. ಟ್ಯಾಕ್ಸ್ ಆದರೆ “ಟ್ಯಾಕ್ಸ್ ಹಿಡದಾರ”. ಹಿಡಿದದ್ದು ಇನ್ನೂ ಲೆಕ್ಕದಲ್ಲಿದೆ, ಬಿಡುವುದೂ ಉಂಟು. ಮೂಲದಲ್ಲೇ ತೆಗೆದಿಡುವ ತೆರಿಗೆಗೆ ಇದಕ್ಕಿಂತ ಸರಿಯಾದ ಕ್ರಿಯಾಪದ ನನಗೆ ಸಿಕ್ಕಿಲ್ಲ.

ಆದರೆ ಚೀಟಿಯ ಸಾಲಿಗೆ ನಾಮಪದ ಬೇಕು. ‘ಹಿಡಿತ’ ಅಂದರೆ ಹತೋಟಿ. ‘ಹಿಡುವಳಿ’ ಹೊಲಕ್ಕೆ ಹೋಯಿತು. ‘ಮುಂಗಡ ತೆರಿಗೆ’ ಅಂದರೆ ನಾವೇ ಕಂತಿನಲ್ಲಿ ಕಟ್ಟುವುದು, ಅದು ಬೇರೆ. ಹಳೆ ಲೆಕ್ಕಿಗರು ಕಳೆದ ಮೊತ್ತಕ್ಕೆ ಬರೆಯುತ್ತಿದ್ದ ‘ವಜಾ’ ನನಗೆ ಇಷ್ಟ. ಆದರೆ ‘ತೆರಿಗೆ ವಜಾ’ ಅಂತ ಬರೆದರೆ ತೆರಿಗೆಯೇ ಮಾಫಿ ಆಯಿತು ಅಂದುಕೊಂಡಾರು. ಸದ್ಯಕ್ಕೆ ‘ಹಿಡಿದ ತೆರಿಗೆ’ ಅಂತ ಬರೆದಿದ್ದೇನೆ. ಅದಕ್ಕೂ ಒಂದು ಅಡ್ಡಿ: “ಪಗಾರ ಹಿಡದಾರ” ಅಂದರೆ ಕೊಡದೆ ಸತಾಯಿಸುತ್ತಿದ್ದಾರೆ ಅಂತಲೂ ಆಗುತ್ತದೆ.

ನಿಮ್ಮ ಕಡೆ ಏನನ್ನುತ್ತೀರಿ? ಮುಖ್ಯವಾಗಿ ಹಾವೇರಿ ಕಡೆಯವರನ್ನು ಕೇಳಬೇಕಿತ್ತು. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ದಲಾಲರು ರೈತರಿಗೆ ಪಟ್ಟಿ ಕೊಡುವಾಗ, ಮುಂದೆ ಚುಕ್ತಾ ಮಾಡೋಣ ಅಂತ ತೆಗೆದಿಟ್ಟ ಹಣದ ಸಾಲಿಗೆ ಯಾವ ಪದ ಬರೆಯುತ್ತಾರೆ? ಹಳೆಯ ಪಟ್ಟಿ ಯಾರ ಮನೆಯಲ್ಲಾದರೂ ಇದ್ದರೆ ಆ ಒಂದು ಸಾಲು ಬರೆದು ತಿಳಿಸಿ. ಈ ತಿಂಗಳ ಕೊನೆಗೆ ಚೀಟಿ ಅಚ್ಚಿಗೆ ಹೋಗುತ್ತದೆ.