"ಒಂದೂ ತಪ್ಪಿಸಿಲ್ಲ" ಅನ್ನುವವರ ಹತ್ತಿರ ಪೀರ್ ಮೆಂಟರ್ ಏನು ಕೇಳಬೇಕು?

ಪ್ರಶ್ನೆ
ಎಚ್‌ಐವಿ ಚಿಕಿತ್ಸೆಯಲ್ಲಿ ಈಗಾಗಲೇ ಗಟ್ಟಿಯಾಗಿ ನಿಂತವರಿಗೆ ತರಬೇತಿ ಕೊಟ್ಟು, ಹೊಸಬರ ಜೊತೆ ಪೀರ್ ಮೆಂಟರ್ ಆಗಿ ಜೋಡಿಸುತ್ತಿದ್ದೇವೆ. ಎಲ್ಲರದ್ದೂ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ, ದಿನಕ್ಕೊಂದು ಟಿಎಲ್‌ಡಿ ಮಾತ್ರೆ. ಕೇಳಿದರೆ "ಒಂದೂ ತಪ್ಪಿಸಿಲ್ಲ" ಅಂತಾರೆ, ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್‌ನ ಎಷ್ಟು ಪ್ರತಿಗಳಿವೆ ಅನ್ನೋ ಲೆಕ್ಕ) ನೋಡಿದರೆ 1000 ದಾಟಿರುತ್ತೆ. ಮೆಂಟರ್ ಎಲ್ಲಿಂದ ಶುರು ಮಾಡಬೇಕು?

ಉತ್ತರ 1
ಪ್ರಶ್ನೆಯನ್ನೇ ಬದಲಿಸಿ. "ಸರಿಯಾಗಿ ತಗೊಳ್ತಿದ್ದೀರಾ?" ಅಂದರೆ ಹೌದು ಅನ್ನದೆ ಇನ್ನೇನು ಅಂದಾರು? "ಮಾತ್ರೆ ತಪ್ಪೋದು ಎಲ್ಲರಿಗೂ ಆಗುತ್ತೆ. ನಿನ್ನೆ ಎಷ್ಟೊತ್ತಿಗೆ ತಗೊಂಡ್ರಿ? ಮೊನ್ನೆ ಎಲ್ಲಿದ್ರಿ?" ಅಂತ ನಾಲ್ಕು ದಿನ ಹಿಂದಕ್ಕೆ ಹೋಗಿ. ಮಾತ್ರೆ ಯಾವಾಗ ತಪ್ಪುತ್ತೆ ಅನ್ನೋದು ಅಲ್ಲೇ ಸಿಗುತ್ತೆ: ರಾತ್ರಿ ಪಾಳಿ, ಪ್ರಯಾಣ, ಮನೆಗೆ ನೆಂಟರು ಬಂದ ದಿನ.

ಎಣಿಸುವುದಾದರೆ ಒಪ್ಪಿಗೆ ಕೇಳಿಯೇ ಎಣಿಸಿ. 1ನೇ ತಾರೀಖಿನಿಂದ 30 ಮಾತ್ರೆಯ ಬಾಟಲಿ ಶುರುವಾಗಿದ್ದರೆ, 21ರ ಬೆಳಿಗ್ಗೆ ಅವತ್ತಿನದನ್ನು ನುಂಗುವ ಮುಂಚೆ 10 ಉಳಿದಿರಬೇಕು. 14 ಇದ್ದರೆ ನಾಲ್ಕು ತಪ್ಪಿವೆ. ಆದರೆ ಒಮ್ಮೆ ಬೈಸಿಕೊಂಡವರು ಮುಂದಿನ ಸಲ ನಾಲ್ಕು ಮಾತ್ರೆ ಎಸೆದೇ ಬರುತ್ತಾರೆ. ಆಮೇಲೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಉತ್ತರ 2
ನಿಜವಾಗಿಯೂ ದಿನಾ ನುಂಗಿದರೂ ವೈರಲ್ ಲೋಡ್ ಇಳಿಯದೆ ಇರಬಹುದು, ಇದನ್ನು ಮರೆಯಬೇಡಿ. ಎದೆಯುರಿಗೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆ್ಯಂಟಾಸಿಡ್ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತೆ, ಮದ್ದು ರಕ್ತಕ್ಕೆ ಸರಿಯಾಗಿ ಸೇರಲ್ಲ. ಟಿಎಲ್‌ಡಿಯನ್ನು ಆ್ಯಂಟಾಸಿಡ್‌ಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ತಗೋಬೇಕು. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗೂ ಇದೇ ಅಂತರ. ಆದರೆ ಈ ಎರಡನ್ನು ಮಾತ್ರ, ಆ್ಯಂಟಾಸಿಡ್ ಅಲ್ಲ, ಊಟದ ಜೊತೆಯಾದರೆ ಟಿಎಲ್‌ಡಿ ಜೊತೆ ಒಟ್ಟಿಗೇ ನುಂಗಬಹುದು. ಕ್ಷಯಕ್ಕೆ ರಿಫಾಂಪಿಸಿನ್ ಶುರುವಾಗಿದ್ದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತೆ. ಅದು ವೈದ್ಯರ ಕೆಲಸ. ಮೆಂಟರ್ ಅವತ್ತೇ ಸುದ್ದಿ ಮುಟ್ಟಿಸಿದರೆ ಸಾಕು.

ರಾತ್ರಿ ನಿದ್ದೆ ಬರಲ್ಲ ಅಂತ ಬಿಟ್ಟವರಿಗೆ ಬೆಳಿಗ್ಗೆಗೆ ಬದಲಿಸಲು ಹೇಳಿ. ಮರೆತರೆ ಅವತ್ತೇ ನೆನಪಾದ ಕೂಡಲೇ ಒಂದು; ಮಾರನೇ ದಿನ ಸೇರಿಸಿ ಎರಡು ಬೇಡ. ಇನ್ನು ಬಾಟಲಿಯ ಗಲಗಲ ಸದ್ದು! ಬ್ಯಾಗ್ ಎತ್ತಿದರೆ ಪಕ್ಕದವರು ತಿರುಗಿ ನೋಡುತ್ತಾರೆ ಅನ್ನೋ ಭಯಕ್ಕೇ ಮನೆಯಲ್ಲಿ ಬಿಟ್ಟು ಹೋಗುವವರಿದ್ದಾರೆ. ಒಂದೆರಡು ದಿನದ್ದನ್ನು ಮಾತ್ರ ಪುಟ್ಟ ಡಬ್ಬಿಗೆ ಹಾಕಿಕೊಳ್ಳಲಿ. ಉಳಿದದ್ದು ಮೂಲ ಬಾಟಲಿಯಲ್ಲೇ ಇರಲಿ, ಒಳಗಿರುವ ತೇವ ಹೀರುವ ಪೊಟ್ಟಣ ತೆಗೆಯಬಾರದು.

ಉತ್ತರ 3
ಮೊದಲ ಭೇಟಿಯಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕಾದ್ದು: ಯಾವ ನಂಬರಿಗೆ, ಎಷ್ಟೊತ್ತಿಗೆ ಫೋನ್ ಮಾಡಬಹುದು, ಬೇರೆಯವರು ಎತ್ತಿದರೆ ಏನು ಹೇಳಬೇಕು. ಒಂದೇ ಒಂದು ಕರೆ ಗುಟ್ಟು ರಟ್ಟು ಮಾಡಿದರೆ ಆ ವ್ಯಕ್ತಿ ಮತ್ತೆ ಕೈಗೆ ಸಿಗಲ್ಲ.

ಮಾತ್ರೆ ನಿಲ್ಲಿಸಿ, ಬದಲಿಸಿ ಅಂತ ಮೆಂಟರ್ ಯಾವತ್ತೂ ಹೇಳಕೂಡದು. ಕಣ್ಣು ಹಳದಿ, ಮೈಮೇಲೆ ದದ್ದು, ಬಿಡದ ಕೆಮ್ಮು, ಮನೆಯಲ್ಲಿ ಹೊಡೆತ, ಸಾಯುವ ಮಾತು, ಇವು ಅವತ್ತೇ ಚಿಕಿತ್ಸಾ ಕೇಂದ್ರಕ್ಕೆ ತಿಳಿಯಬೇಕು. ಜೋಡಿ ಮಾಡುವಾಗ ವಯಸ್ಸೂ ನೋಡಿ. ಜಿಂಬಾಬ್ವೆಯ ಜ್ವಾಂದಿರಿ ಕಾರ್ಯಕ್ರಮದಲ್ಲಿ ಹದಿಹರೆಯದವರ ಜೊತೆಗಿರುವವರು ಎಚ್‌ಐವಿ ಇರುವ 18ರಿಂದ 24ರ ಯುವಜನರೇ.

ಪ್ರಶ್ನೆ ಕೇಳಿದವರು
ಆ್ಯಂಟಾಸಿಡ್ ವಿಚಾರ ನಮ್ಮ ಭೇಟಿ ಪತ್ರದಲ್ಲೇ ಇಲ್ಲ, ಸೇರಿಸುತ್ತೇವೆ. ವೈರಲ್ ಲೋಡ್ ಇಳಿದವರ ಭೇಟಿ ನಿಲ್ಲಿಸಬಹುದಾ?

ಉತ್ತರ 1
ಮೊದಲು, 1000 ದಾಟಿದವರಿಗೆ ಮೂರು ತಿಂಗಳು ಹೀಗೆ ಜೊತೆಗಿದ್ದು ಮತ್ತೆ ಪರೀಕ್ಷೆ ಆಗಲಿ. ಇಳಿದ ಮೇಲೆ ಭೇಟಿ ಕಡಿಮೆ ಮಾಡಿ, ಕಡಿದುಹಾಕಬೇಡಿ. ಹುಷಾರಾಗಿದ್ದೀನಲ್ಲ ಅಂತ ಮಾತ್ರೆ ಬಿಡೋದು ಆಗಲೇ. ವೈರಸ್ ಪತ್ತೆಯಾಗದಷ್ಟು ಇಳಿದಿರುವಾಗ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡಲ್ಲ ಅನ್ನೋದನ್ನು ಅವತ್ತು ಬಿಡಿಸಿ ಹೇಳಿ, ಮಾತ್ರೆ ನಿಂತರೆ ಆ ರಕ್ಷಣೆಯೂ ನಿಲ್ಲುತ್ತೆ ಅನ್ನೋದನ್ನೂ ಸೇರಿಸಿ.