ಆರು ವರ್ಷದ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬೇಕೆಂದಿದ್ದೇವೆ, ಅನುಭವವಿದ್ದವರು ತಿಳಿಸಿ

ಪ್ರಶ್ನೆ ಕೇಳಿದವರು

ನಮಗೆ ಮೂವರು ಮಕ್ಕಳು. ಹಿರಿಯವಳಿಗೆ ಆರು ವರ್ಷ, ನಡುವಿನವನಿಗೆ ಮೂರು, ಕೊನೆಯದು ಐದು ತಿಂಗಳ ಕೂಸು. ಶಾಲೆಗೆ ಹೊರಡುವ ಹೊತ್ತಿಗೆ ಹಿರಿಯವಳು ದಿನವೂ ಹೊಟ್ಟೆನೋವೆನ್ನುತ್ತಾಳೆ. ರಜೆಯ ದಿನ ಆ ನೋವು ಇರುವುದಿಲ್ಲ. ಒಂದೆರಡು ವರ್ಷ ಮನೆಯಲ್ಲೇ ಕಲಿಸೋಣವೆಂದು ನಾನೂ ನನ್ನ ಪತಿಯೂ ಯೋಚಿಸುತ್ತಿದ್ದೇವೆ. ನಾನು ಮನೆಯಿಂದಲೇ ಅರ್ಧ ದಿನದ ಕೆಲಸ ಮಾಡುತ್ತೇನೆ. ಕೂಸನ್ನು ಇಟ್ಟುಕೊಂಡು ಇದು ಸಾಧ್ಯವೇ?

ಹದಿನಾಲ್ಕು ತಿಂಗಳು ಕಲಿಸಿ ಕೈಬಿಟ್ಟ ತಂದೆ

ನನ್ನ ಮಗನಿಗೆ ಎಂಟು ತುಂಬಿದಾಗ ಶಾಲೆ ಬಿಡಿಸಿದೆವು. ಹೆಂಡತಿಯ ಸಂಬಳ ನನ್ನದಕ್ಕಿಂತ ಹೆಚ್ಚಿದ್ದುದರಿಂದ ಕೆಲಸ ಬಿಟ್ಟವನು ನಾನು. ವರ್ಷವಿಡೀ ಸಾಕಾಗುತ್ತದೆಂದು ತೆಗೆದಿಟ್ಟ ಹಣ ಏಳನೆಯ ತಿಂಗಳಿಗೇ ಬರಿದಾಯಿತು. ಶಾಲೆಯ ಶುಲ್ಕ ಉಳಿಯುವುದನ್ನು ಲೆಕ್ಕ ಹಾಕಿದ್ದೆನೇ ಹೊರತು ಪ್ರಿಂಟರಿನ ಶಾಯಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲ ಮೂರು ತಿಂಗಳಲ್ಲಿ ಐದು ಕಾರ್ಟ್ರಿಜ್ ಹೋದವು, ನಾಲ್ಕು ರೀಮು ಕಾಗದ ಹೋಯಿತು. ಕೊಂಡ ಹನ್ನೊಂದು ಅಭ್ಯಾಸಪುಸ್ತಕಗಳಲ್ಲಿ ಕೊನೆಯ ಪುಟದವರೆಗೆ ತುಂಬಿದ್ದು ಎರಡು. ಸೂಕ್ಷ್ಮದರ್ಶಕವೊಂದನ್ನೂ ತಂದಿದ್ದೆ, ಅದೀಗ ಅಟ್ಟದ ಮೇಲಿದೆ.

ಒಂಬತ್ತರಿಂದ ಎರಡೂವರೆಯವರೆಗಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ಮುಗ್ಗರಿಸಿದ್ದು ಕಳೆಯುವ ಲೆಕ್ಕದಲ್ಲಿ. 402ರಿಂದ 187 ಕಳೆ ಎಂದರೆ ಅವನು 385 ಎಂದು ಬರೆಯುತ್ತಿದ್ದ. ಎರಡರಲ್ಲಿ ಏಳು ಹೋಗದಿದ್ದರೆ ಏಳರಲ್ಲೇ ಎರಡನ್ನು ಕಳೆದು ಐದು ಎನ್ನುವುದು, ಸೊನ್ನೆಯಲ್ಲಿ ಎಂಟು ಹೋಗದಿದ್ದರೆ ಎಂಟನ್ನೇ ಕೆಳಗಿಳಿಸುವುದು. ಪಕ್ಕದ ಸ್ಥಾನದಿಂದ ಸಾಲ ತರಬೇಕು, ಅಲ್ಲಿ ಸೊನ್ನೆಯಿದ್ದರೆ ಅದರಾಚೆಯ ಸ್ಥಾನಕ್ಕೆ ಹೋಗಬೇಕೆಂದು ಹನ್ನೆರಡು ದಿನ ಹೇಳಿದೆ. ಹದಿಮೂರನೆಯ ದಿನ ಅವನ ಕೈಯಿಂದ ಪೆನ್ಸಿಲು ಕಿತ್ತುಕೊಂಡು 215 ಎಂದು ನಾನೇ ಬರೆದೆ. ಅಂದು ರಾತ್ರಿ ಅವನು ನನ್ನ ಪಕ್ಕ ಮಲಗಲು ಬರಲಿಲ್ಲ. ಕೊನೆಗೆ ಶಾಲೆಗೆ ಮರಳಿಸಿದಾಗ, ಓದು ವಯಸ್ಸಿಗಿಂತ ಮುಂದಿದ್ದರೂ ಗಣಿತ ಹಿಂದಿದೆಯೆಂದು ಒಂದು ತರಗತಿ ಕೆಳಗೆ ಕೂರಿಸಿದರು.

ಮೂರು ವರ್ಷದಿಂದ ಅನ್‌ಸ್ಕೂಲಿಂಗ್ ಮಾಡುತ್ತಿರುವ ತಾಯಿ

ಮೇಲಿನವರು ಶಾಲೆಯನ್ನು ಬಿಡಿಸಲಿಲ್ಲ, ಗಂಟೆ ಬಾರಿಸುವುದೊಂದನ್ನು ಬಿಟ್ಟು ಅದರ ಉಳಿದೆಲ್ಲವನ್ನೂ ಮನೆಗೆ ಹೊತ್ತು ತಂದರು. ಅನ್‌ಸ್ಕೂಲಿಂಗ್ ಎಂದರೆ ಪಾಠಕ್ರಮವಿಲ್ಲದೆ ಮಗು ತನ್ನ ಆಸಕ್ತಿಯ ಹಿಂದೆ ಹೋಗಿ ಕಲಿಯುವುದು, ಹಾಗಾಗಿ ನಾವು ವೇಳಾಪಟ್ಟಿಯನ್ನೂ ವರ್ಕ್‌ಶೀಟನ್ನೂ ಇಟ್ಟುಕೊಳ್ಳಲಿಲ್ಲ. ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದು ತಿಂಗಳಂತೆ ಮಗುವನ್ನು ಅದರ ಪಾಡಿಗೆ ಬಿಡಬೇಕೆಂದು ಈ ದಾರಿಯಲ್ಲಿ ನಡೆದವರು ಹೇಳುತ್ತಾರೆ. ನಾವು ಎರಡು ತಿಂಗಳಿಗೆ ಬದಲಾಗಿ ಐದು ತಿಂಗಳು ಬಿಟ್ಟೆವು. ಆ ಐದು ತಿಂಗಳು ನಾನು ಪಟ್ಟ ಪಾಡನ್ನು ಯಾರಿಗೂ ಹೇಳಿಲ್ಲ. ಮಗ ಮಧ್ಯಾಹ್ನದವರೆಗೆ ರಾತ್ರಿಯುಡುಪಿನಲ್ಲೇ ನೆಲದ ಮೇಲೆ ಬಿದ್ದುಕೊಂಡು ಇರುವೆಗಳನ್ನು ನೋಡುತ್ತಿದ್ದ, ನನ್ನ ಅತ್ತೆಯವರು ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದರು. ಎಂಟು ವರ್ಷವಾಗುವವರೆಗೆ ಅವನು ಓದಲಿಲ್ಲ. ಫಿನ್‌ಲ್ಯಾಂಡಿನಲ್ಲಿ ಶಾಲೆಯೇ ಏಳಕ್ಕೆ ಆರಂಭವಾಗುತ್ತದೆಂದು ದಿನಕ್ಕೆ ಹತ್ತು ಬಾರಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಔಷಧದ ಡಬ್ಬಿಯ ಮೇಲಿನ ‘ಮಕ್ಕಳಿಗೆ ಸಿಗದಂತೆ ಇಡಿ’ ಎಂಬುದನ್ನು ತಾನೇ ಓದಿ, ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟ.

ಹದಿನಾಲ್ಕು ತಿಂಗಳು ಕಲಿಸಿ ಕೈಬಿಟ್ಟ ತಂದೆ

ಮೇಡಂ, ವರ್ಷಕ್ಕೆ ಒಂದು ತಿಂಗಳೆಂಬ ಆ ಲೆಕ್ಕಕ್ಕೆ ಬಾಯಿಂದ ಬಾಯಿಗೆ ಬಂದ ಮಾತಿನ ಹೊರತು ಬೇರೆ ಆಧಾರವಿದ್ದರೆ ತೋರಿಸಿ. ನೀವೆಲ್ಲ ಗುರುವೆಂದು ಕೊಂಡಾಡುವ ಅಮೆರಿಕದ ಲೇಖಕ ಜಾನ್ ಹೋಲ್ಟ್ ಶಿಕ್ಷಕರಾಗಿದ್ದರು, 1977ರಲ್ಲಿ ಇದಕ್ಕಾಗಿಯೇ ಪತ್ರಿಕೆಯನ್ನೂ ಹೊರಡಿಸಿದರು, ಎಲ್ಲವೂ ನಿಜ. ಆದರೆ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ರಾತ್ರಿ ಹತ್ತಕ್ಕೆ ಹಟ ಹಿಡಿದ ಮಗುವಿನ ಮುಂದೆ ಅವರು ಕೂತಿರಲಿಲ್ಲ.

ಮೂರು ವರ್ಷದಿಂದ ಅನ್‌ಸ್ಕೂಲಿಂಗ್ ಮಾಡುತ್ತಿರುವ ತಾಯಿ

ಪೆನ್ಸಿಲು ಕಿತ್ತುಕೊಂಡವರಿಂದ ನನಗೆ ಪಾಠ ಬೇಕಿಲ್ಲ.

ಕೆಲಸದ ಮೇಲೆ ದೇಶ ಬದಲಿಸಿದವರು

ನೀವಿಬ್ಬರೂ ವಿಧಾನದ ಬಗ್ಗೆ ಜಗಳವಾಡುತ್ತಿದ್ದೀರಿ, ನಾನು ಕಾನೂನಿನಲ್ಲಿ ಸಿಕ್ಕಿಬಿದ್ದವನು. ಎರಡು ವರ್ಷ ಚೆನ್ನಾಗಿಯೇ ಮನೆಯಲ್ಲಿ ಕಲಿಸಿದ್ದೆವು. ಕೆಲಸದ ಮೇಲೆ ಜರ್ಮನಿಗೆ ಹೋದಾಗ ಎಲ್ಲವೂ ಮುಗಿಯಿತು. ಅಲ್ಲಿ ಮಗು ಶಾಲೆಗೇ ಹೋಗಬೇಕು, ಮನೆಪಾಠವನ್ನು ಅದಕ್ಕೆ ಬದಲಿಯೆಂದು ಒಪ್ಪುವುದಿಲ್ಲ. 2006ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ವಿಷಯ ಬಂದಾಗ ಅದೂ ಈ ನಿಲುವನ್ನು ತಪ್ಪೆನ್ನಲಿಲ್ಲ. ಫ್ರಾನ್ಸಿನಲ್ಲಿ ಹಿಂದೆ ತಿಳಿಸಿದರೆ ಸಾಕಿತ್ತು. 2021ರ ಕಾನೂನಿನ ನಂತರ ಮೊದಲೇ ಅನುಮತಿ ಪಡೆಯಬೇಕು. ಇಂಗ್ಲೆಂಡಿನ 1996ರ ಶಿಕ್ಷಣ ಕಾಯಿದೆ ಮಾತ್ರ ಶಾಲೆಯಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಎಂದು ದಾರಿ ತೆರೆದಿಟ್ಟಿದೆ. ಭಾಷೆ ಬಾರದ ತರಗತಿಯಲ್ಲಿ ನನ್ನ ಮಗಳು ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ನಮ್ಮ ಹಳೆಯ ದಾಖಲೆಗಳನ್ನು ಶಾಲೆಯವರು ಕೇಳಿದಾಗ ತೋರಿಸಲು ನನ್ನಲ್ಲಿದ್ದದ್ದು ಚಿತ್ರ ಬರೆದ ಎರಡು ನೋಟ್‌ಬುಕ್ ಮಾತ್ರ. ತಿಂಗಳಿಗೊಮ್ಮೆಯಾದರೂ ದಿನಾಂಕ ಹಾಕಿ ಕಾಗದಗಳನ್ನು ಕಡತದಲ್ಲಿಡಿ.

ಮೂರು ವರ್ಷದಿಂದ ಅನ್‌ಸ್ಕೂಲಿಂಗ್ ಮಾಡುತ್ತಿರುವ ತಾಯಿ

ಪ್ರಶ್ನೆ ಕೇಳಿದವರು ದೇಶ ಬದಲಿಸುವುದಾಗಿ ಹೇಳಿಲ್ಲ. ಕಾನೂನಿನ ಗುಮ್ಮನನ್ನು ತೋರಿಸಿ ಹೆದರಿಸಬೇಡಿ.

ಇಬ್ಬರು ಪುಟ್ಟ ಮಕ್ಕಳ ನಡುವೆ ದೊಡ್ಡವನಿಗೆ ಕಲಿಸುತ್ತಿರುವ ತಾಯಿ

ಕೂಸಿನ ಸುದ್ದಿಯನ್ನು ಇದುವರೆಗೆ ಒಬ್ಬರೂ ಎತ್ತಿಲ್ಲ. ನಾನು ಒಂದು ವಾರ ಗಡಿಯಾರ ಇಟ್ಟುಕೊಂಡು ಬರೆದಿಟ್ಟಿದ್ದೇನೆ: ಪಾಠಕ್ಕೆಂದು ಯೋಜಿಸಿದ್ದು ಇಪ್ಪತ್ತು ಗಂಟೆ, ನಡೆದದ್ದು ಆರು ಗಂಟೆ ನಲವತ್ತು ನಿಮಿಷ. ಕೂಸು ಮಲಗುತ್ತಿದ್ದುದು ಒಮ್ಮೆಗೆ ಮೂವತ್ತೈದು ನಿಮಿಷ. ಅದರಲ್ಲಿ ಮೊದಲ ಹತ್ತು ನಿಮಿಷ ಮಲಗಿತೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ಕಾಯುವುದಕ್ಕೇ ಹೋಗುತ್ತಿತ್ತು. ಆ ಹೊತ್ತಿನಲ್ಲೇ ನಡುವಿನವಳು ಅಣ್ಣನ ಪುಸ್ತಕದ ಮೇಲೆ ಕೂರಬೇಕೆಂದು ರಂಪ ಮಾಡುತ್ತಿದ್ದಳು. ಆದರೂ ಆರು ವರ್ಷದ ಒಂದು ಮಗುವಿಗೆ ಎದುರು ಕೂತು ಕಲಿಸುವಾಗ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಕಾಗಲಿಲ್ಲ. ಹೋದದ್ದು ನನ್ನ ಕೆಲಸ. ಅರ್ಧ ದಿನದ ಕೆಲಸವನ್ನು ರಾತ್ರಿ ಒಂಬತ್ತರಿಂದ ಒಂದರವರೆಗೆ ಮಾಡುತ್ತಿದ್ದೆ. ಮೂರನೆಯ ತಿಂಗಳಲ್ಲಿ ಒಂದು ವರದಿಯನ್ನು ತಪ್ಪು ಗ್ರಾಹಕರಿಗೆ ಕಳುಹಿಸಿದೆ, ಐದನೆಯ ತಿಂಗಳಲ್ಲಿ ಕೆಲಸ ಕೊಟ್ಟವರೇ ನನ್ನನ್ನು ಬಿಡಿಸಿದರು. ಮನೆಯಲ್ಲಿ ಹೊಟ್ಟೆನೋವು ನಿಲ್ಲುತ್ತದೆಂದು ನಂಬಬೇಡಿ. ಶಾಲೆಯಲ್ಲಿ ಏನು ನಡೆಯುತ್ತಿದೆಯೆಂದು ಮೊದಲು ತಿಳಿದುಕೊಳ್ಳಿ. ನನ್ನವನಿಗೆ ಬಿಡಿಸಿದ ಮೇಲೂ ಆರು ವಾರ ಇತ್ತು.

ಹಾಗೆಯೇ, ಕೆಲಸ ಬಿಟ್ಟ ತಂದೆಯವರಿಗೆ ಒಂದು ಮಾತು. ತಾವು ಬರೆದ ಅಷ್ಟು ಉದ್ದದ ಲೆಕ್ಕದಲ್ಲಿ ಶಾಯಿಯಿದೆ, ಕಾಗದವಿದೆ, ಸೂಕ್ಷ್ಮದರ್ಶಕವಿದೆ. ಆ ಹದಿನಾಲ್ಕು ತಿಂಗಳು ಅಡುಗೆ ಮಾಡಿದವರು ಯಾರೆಂಬುದು ಮಾತ್ರ ಇಲ್ಲ.

ಹದಿನಾಲ್ಕು ತಿಂಗಳು ಕಲಿಸಿ ಕೈಬಿಟ್ಟ ತಂದೆ

ನಾನೇ ಮಾಡಿದೆ. ಬಟ್ಟೆಯನ್ನೂ ನಾನೇ ಒಗೆದೆ. ಬರೆಯುವಷ್ಟು ದೊಡ್ಡದೆಂದು ಅನಿಸಲಿಲ್ಲ.

ಇಬ್ಬರು ಪುಟ್ಟ ಮಕ್ಕಳ ನಡುವೆ ದೊಡ್ಡವನಿಗೆ ಕಲಿಸುತ್ತಿರುವ ತಾಯಿ

ಹಾಗಿದ್ದರೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ದೊಡ್ಡದೆಂದು ಅನಿಸಲಿಲ್ಲವೆಂಬುದನ್ನು ಮಾತ್ರ ಒಪ್ಪುವುದಿಲ್ಲ.

ಮೂರು ವರ್ಷದಿಂದ ಅನ್‌ಸ್ಕೂಲಿಂಗ್ ಮಾಡುತ್ತಿರುವ ತಾಯಿ

ನಿನ್ನೆ ನಾನು ಬರೆದದ್ದು ಕಟುವಾಯಿತು. ಇಂದು ಬೆಳಿಗ್ಗೆ ನನ್ನ ಮಗನಿಗೆ 402ರಿಂದ 187 ಕಳೆಯಲು ಕೊಟ್ಟೆ. ಅವನೂ 385 ಎಂದೇ ಬರೆದ. ಹಾಗೆಂದು ನಿಮ್ಮ ವೇಳಾಪಟ್ಟಿ ಸರಿಯಾಗಿತ್ತೆಂದು ನಾನು ಒಪ್ಪಿದಂತಲ್ಲ.