ಕಣ್ಣು ತಪ್ಪಿಸಿದ ಅಂತ ವಿಚಾರಣೆ ವರದಿಯಲ್ಲಿ ಬರೆಯಬಹುದಾ?

ಶೋಭಾ, ಪೀಣ್ಯ

ಎಲ್ಲರಿಗೂ ನಮಸ್ಕಾರ. ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿದ್ದೇನೆ. ಸ್ಟೋರ್ಸ್‌ನಿಂದ ತಾಮ್ರದ ಕೇಬಲ್ ಸುರುಳಿಗಳು ಕಾಣೆಯಾಗಿ ಒಬ್ಬ ಹೆಲ್ಪರ್ ಮೇಲೆ ಚಾರ್ಜ್‌ಶೀಟ್ ಆಗಿದೆ. ವಿಚಾರಣೆಯ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ನನ್ನದು. ಹುಡುಗ ರಾಯಚೂರು ಕಡೆಯವನು. ಏನು ಕೇಳಿದರೂ ತಲೆ ಬಗ್ಗಿಸಿ ನೆಲ ನೋಡುತ್ತಾನೆ, ಅಂಗಿ ಗುಂಡಿ ತಿರುವುತ್ತಾನೆ, ಹಣೆ ಬೆವರುತ್ತದೆ. "ಆ ರಾತ್ರಿ ಗೇಟ್ ಹತ್ರ ಯಾರಿದ್ರು?" ಅಂದಾಗ ಕಣ್ಣು ಮೇಲೆ, ಬಲಕ್ಕೆ ಹೋಯಿತು.

ವಿಚಾರಣೆ ನಡೆಸುತ್ತಿರುವ ಮ್ಯಾನೇಜರ್ ಹಿಂದೆ ಒಂದು ದಿನದ ತರಬೇತಿಗೆ ಹೋಗಿಬಂದವರು. ಅಲ್ಲಿ ಕೊಟ್ಟ ಚಾರ್ಟ್ ಅವರ ಮೇಜಿನ ಗಾಜಿನ ಕೆಳಗಿದೆ. ಕಣ್ಣು ಎಡಕ್ಕೆ ಹೋದರೆ ನೆನಪು, ಬಲಕ್ಕೆ ಹೋದರೆ ಕಟ್ಟುಕಥೆ ಅಂತೆ. "ಇದನ್ನೂ ಬರ್ಕೋಮ್ಮ" ಅಂದರು. ನನಗೆ ಕೈ ಓಡಲಿಲ್ಲ. ಅವನು ಕದ್ದಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಒಬ್ಬನ ಅನ್ನದ ಪ್ರಶ್ನೆ. ಈ ಚಾರ್ಟಿಗೆ ಆಧಾರ ಇದೆಯಾ?

ಮೈಸೂರು ಮೇಷ್ಟ್ರು

ಮನಶ್ಶಾಸ್ತ್ರ ಪಾಠ ಮಾಡುವವನು ನಾನು. ಆಧಾರ ಇಲ್ಲ ಮೇಡಂ. 1970ರ ದಶಕದಲ್ಲಿ ಅಮೆರಿಕದ ಬ್ಯಾಂಡ್ಲರ್ ಮತ್ತು ಗ್ರೈಂಡರ್ ಶುರುಮಾಡಿದ ಎನ್‌ಎಲ್‌ಪಿ (ನ್ಯೂರೋ-ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್), ಅಂದರೆ ಮಾತಿನ ಮೂಲಕ ಮನಸ್ಸನ್ನು ಬದಲಿಸುತ್ತೇವೆನ್ನುವ ಪದ್ಧತಿಯಿಂದ ಬಂದದ್ದು ಇದು. ಅವರು ಹೇಳಿದ್ದು ನೆನಪು ಮತ್ತು ಕಲ್ಪನೆಯ ಬಗ್ಗೆ. ಸುಳ್ಳಿನ ಮಾತು ಆಮೇಲೆ ಅದಕ್ಕೆ ಅಂಟಿಕೊಂಡಿತು. 2012ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಇದನ್ನು ಮೂರು ರೀತಿ ಪರೀಕ್ಷಿಸಿದರು. ನಿಜ ಹೇಳುವವರ, ಸುಳ್ಳು ಹೇಳುವವರ ಕಣ್ಣಿನ ಚಲನೆ ಎಣಿಸಿದರು, ವ್ಯತ್ಯಾಸವಿಲ್ಲ. ಈ ಸೂತ್ರ ಹೇಳಿಕೊಟ್ಟು ಜನರಿಗೆ ವಿಡಿಯೊ ತೋರಿಸಿದರು, ಹೇಳಿಕೊಡದವರಿಗಿಂತ ಅವರೇನೂ ಚೆನ್ನಾಗಿ ಪತ್ತೆ ಹಚ್ಚಲಿಲ್ಲ. ಕೊನೆಗೆ, ಕಾಣೆಯಾದ ಸಂಬಂಧಿಕರಿಗಾಗಿ ಪತ್ರಕರ್ತರ ಮುಂದೆ ಮನವಿ ಮಾಡಿದವರ ವಿಡಿಯೊಗಳನ್ನು ನೋಡಿದರು. ಅವರಲ್ಲಿ ಕೆಲವರು ಅಪ್ಪಟ ಸುಳ್ಳು ಹೇಳಿದ್ದವರು. ಅಲ್ಲೂ ಕಣ್ಣಿನ ದಿಕ್ಕು ಏನನ್ನೂ ಹೇಳಲಿಲ್ಲ.

ಕಣ್ಣು ತಪ್ಪಿಸುವುದೂ ಅಷ್ಟೆ. 2003ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಬೆಲ್ಲಾ ಡಿಪೌಲೊ ತಂಡ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 158 ಲಕ್ಷಣಗಳನ್ನು ತಾಳೆ ನೋಡಿತು. ಬಹುಪಾಲು ಲಕ್ಷಣಗಳಿಗೂ ಸುಳ್ಳಿಗೂ ಸಂಬಂಧವೇ ಇಲ್ಲ, ಇಲ್ಲವೇ ತೀರಾ ತೆಳುವಾದ ಸಂಬಂಧ.

ಚಿಕ್ಕಪೇಟೆ ರಾಜಣ್ಣ

ಮೇಷ್ಟ್ರೇ, ಅಂಗಡಿಯ ಗಲ್ಲಾದಲ್ಲಿ ಕೂತು ವ್ಯಾಪಾರ ಮಾಡಿದವನು ನಾನು. ಮುಖ ನೋಡಿದರೆ ಗೊತ್ತಾಗುತ್ತೆ. ಅಮೆರಿಕದ ವಿಮಾನ ನಿಲ್ದಾಣದಲ್ಲೂ ಇದಕ್ಕೇ ಆಫೀಸರುಗಳನ್ನು ಇಟ್ಟಿದ್ದರಲ್ಲ?

ಮೈಸೂರು ಮೇಷ್ಟ್ರು

ಇಟ್ಟಿದ್ದರು ರಾಜಣ್ಣನವರೇ. 2007ರಿಂದ ಸುಮಾರು 90 ಕೋಟಿ ಡಾಲರ್ ಸುರಿದರು. 2013ರಲ್ಲಿ ಅಲ್ಲಿನ ಸರ್ಕಾರದ ಲೆಕ್ಕಪರಿಶೋಧಕರೇ, ನಡವಳಿಕೆ ನೋಡಿ ಸುಳ್ಳು ಪತ್ತೆ ಮಾಡುವುದು ಬರೀ ಊಹೆಗೆ ಸಮ, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲು, ಹಣ ಕಡಿಮೆ ಮಾಡಿ ಎಂದರು. ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ ನಿಜವೋ ಸುಳ್ಳೋ ಎಂದು ಕೊಟ್ಟ ತೀರ್ಪುಗಳನ್ನು ಕೂಡಿಸಿದ 2006ರ ಅಧ್ಯಯನದಲ್ಲಿ ಸರಿಯಾಗಿದ್ದದ್ದು ನೂರಕ್ಕೆ 54. ಗಲ್ಲಾದಲ್ಲಿ ಕೂತಾಗ ಸಿಕ್ಕಿಬಿದ್ದ ಸುಳ್ಳು ನಿಮಗೆ ನೆನಪಿರುತ್ತದೆ. ಸಿಕ್ಕದೇ ಹೋದದ್ದು ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಕಲಬುರಗಿ ವಕೀಲ

ಶೋಭಾ ತಂಗಿ, ನಾ ಕಾರ್ಮಿಕರ ಕೇಸು ನಡೆಸಿಕೊಂಡು ಬಂದವ. ಮೊದಲು ಆ ಹುಡುಗನ ನೆಲ ನೋಡೋ ವಿಷಯ. ನಮ್ಮ ಕಡೆ ಸಾಹೇಬರ ಮುಂದ ನಿಂತು ಕಣ್ಣಾಗ ಕಣ್ಣಿಟ್ಟು ಮಾತಾಡಿದರ "ಎಷ್ಟು ಸೊಕ್ಕು ನೋಡು" ಅಂತಾರ. ಅವ ಮನ್ಯಾಗ ಕಲಿತ ಮರ್ಯಾದೆ ನಿಮ್ಮ ಆಫೀಸಿನ್ಯಾಗ ಕಳ್ಳತನದ ಗುರುತಾಗಬಾರದು. ಇದು ನನಗ ಭಾಳ ಸಂಕಟದ ವಿಷಯ.

ಎರಡನೆಯದು, ಇದು ಇಂದಿನ ಚರ್ಚೆಯಲ್ಲ. ಯಾಜ್ಞವಲ್ಕ್ಯಸ್ಮೃತಿ ಎಂಬ ಪ್ರಾಚೀನ ಧರ್ಮಶಾಸ್ತ್ರ ಗ್ರಂಥದ ವ್ಯವಹಾರ (ನ್ಯಾಯವಿಚಾರಣೆ) ಭಾಗದಲ್ಲಿ ಸುಳ್ಳುಗಾರನ ಲಕ್ಷಣಗಳ ಪಟ್ಟಿಯೇ ಇದೆ: ನಿಂತಲ್ಲಿ ನಿಲ್ಲುವುದಿಲ್ಲ, ಕಟಬಾಯಿ ನೆಕ್ಕುತ್ತಾನೆ, ಹಣೆ ಬೆವರುತ್ತದೆ, ಮುಖ ಬಣ್ಣಗೆಡುತ್ತದೆ, ಮಾತು ತೊದಲುತ್ತದೆ, ನೋಟಕ್ಕೆ ನೋಟ ಕೊಡುವುದಿಲ್ಲ. ನಿಮ್ಮ ಮ್ಯಾನೇಜರ ಪಟ್ಟಿಯೇ. ಇದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ (ಇಂದಿನ ಬಸವಕಲ್ಯಾಣ) ಇದ್ದವನು. ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನವರು ನಮ್ಮೂರವ ಅಂತ ಹೆಮ್ಮೆಪಡುತ್ತಾರೆ. ಅವನು ಆ ಶ್ಲೋಕಗಳ ಕೆಳಗೆ ಬರೆಯುತ್ತಾನೆ: ಇವು ದೋಷ ಇರಬಹುದೆಂಬ ಸಂಭಾವನೆ ಮಾತ್ರ, ನಿಶ್ಚಯವಲ್ಲ, ಏಕೆಂದರೆ ಯಾವ ವಿಕಾರ ಸ್ವಭಾವದಿಂದ ಬಂದದ್ದು, ಯಾವುದು ಸಂದರ್ಭದಿಂದ ಬಂದದ್ದು ಎಂದು ಬೇರ್ಪಡಿಸುವುದು ಕಷ್ಟ. ಒಬ್ಬ ನಿಪುಣ ಬೇರ್ಪಡಿಸಿದ ಎಂದೇ ಇಟ್ಟುಕೊಳ್ಳಿ, ಆಗಲೂ ಅದರ ಮೇಲೆ ಸೋಲು ತೀರ್ಮಾನಿಸುವಂತಿಲ್ಲ. ಸಾಯಲಿರುವವನಿಗೆ ಯಾರೂ ಸತ್ತವನ ಕ್ರಿಯೆ ಮಾಡುವುದಿಲ್ಲವಲ್ಲ, ಎನ್ನುತ್ತಾನೆ. ಒಂಬತ್ತು ಶತಮಾನದ ಹಿಂದೆ ಕಲ್ಯಾಣದಲ್ಲಿ ಕೂತು ಇಷ್ಟು ಸ್ಪಷ್ಟವಾಗಿ ಬರೆದದ್ದು ಓದಿದಾಗೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಸಾಕ್ಷಿಯ ಹಾವಭಾವ ಬರೆದಿಡಲು ನ್ಯಾಯಾಧೀಶರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶ, 12ನೇ ನಿಯಮದಲ್ಲಿ ಅವಕಾಶ ಇದೆ ನಿಜ. ಬರೆಯಲೇಬೇಕೆಂದರೆ ಕಂಡದ್ದನ್ನು ಬರೆಯಿರಿ: "ನೆಲ ನೋಡುತ್ತಾ ಉತ್ತರಿಸಿದರು". "ಸುಳ್ಳು ಹೇಳಿದರು" ಅಂತ ಬರೆಯಬೇಡಿ. ಅವನದು ಬರೆದರೆ ಸ್ಟೋರ್‌ಕೀಪರನದೂ ಬರೆಯಿರಿ.

ಇನ್ನು ಕೇಳಬೇಕಾದದ್ದು ಕಾಗದದಲ್ಲಿದೆ. ಬಿನ್ ಕಾರ್ಡಿನಲ್ಲಿ (ಸರಕು ಬಂದದ್ದು ಹೋದದ್ದು ಬರೆಯುವ ಚೀಟಿ) ಕೊನೆಯ ಎಂಟ್ರಿ ಯಾರ ಕೈಬರಹ? ಆ ರಾತ್ರಿಯ ಗೇಟ್ ಪಾಸ್ ಪುಸ್ತಕ, ಶಿಫ್ಟ್ ಪಟ್ಟಿ, ಬೀಗದ ಕೈ ರಿಜಿಸ್ಟರ್ ಎಲ್ಲಿ? ಆಮೇಲೆ ಹುಡುಗನಿಗೆ ಆ ರಾತ್ರಿಯನ್ನು ಕೊನೆಯಿಂದ ಹಿಂದಕ್ಕೆ ಹೇಳಲು ಹೇಳಿ, ಲಾರಿ ಎಲ್ಲಿ ನಿಂತಿತ್ತು ಅಂತ ಹಾಳೆಯ ಮೇಲೆ ಬರೆಸಿ, ಕಾಗದದ ಜೊತೆ ತಾಳೆ ನೋಡಿ. ಜೊತೆಗೊಬ್ಬ ಸಹೋದ್ಯೋಗಿಯನ್ನು ಕೂರಿಸಿಕೊಳ್ಳಲು ಬಿಟ್ಟಿದ್ದೀರಾ?

ಶೋಭಾ, ಪೀಣ್ಯ

ಬಿಟ್ಟಿರಲಿಲ್ಲ ಸರ್. ಇವತ್ತು ಮ್ಯಾನೇಜರಿಗೆ ಹೇಳಿದೆ, ಮುಂದಿನ ಸಿಟ್ಟಿಂಗ್‌ಗೆ ಒಪ್ಪಿದ್ದಾರೆ. ಗೇಟ್ ಪಾಸ್ ಪುಸ್ತಕವನ್ನು ಇಲ್ಲಿತನಕ ಯಾರೂ ತರಿಸಿಯೇ ಇರಲಿಲ್ಲ. ಇನ್ನೊಂದು ಮಾತು: ಪಾಲಿಗ್ರಾಫ್ (ಸುಳ್ಳು ಪತ್ತೆ ಯಂತ್ರದ ಪರೀಕ್ಷೆ) ಮಾಡಿಸಿದರೆ ಹೇಗೆ ಅಂತ ಅವರು ಕೇಳುತ್ತಿದ್ದಾರೆ.

ಕಲಬುರಗಿ ವಕೀಲ

ಬೇಡವೇ ಬೇಡ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ, ಸುಪ್ರೀಂ ಕೋರ್ಟ್, 5 ಮೇ 2010. ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಸಂವಿಧಾನಬಾಹಿರ. ಒಪ್ಪಿದರೂ ಅದರ ಫಲಿತಾಂಶವೇ ಪುರಾವೆ ಆಗುವುದಿಲ್ಲ. ಕೆಲಸ ಹೋಗುವ ಭಯದಲ್ಲಿರುವವನ ಒಪ್ಪಿಗೆ ಎಂಥ ಒಪ್ಪಿಗೆ ತಂಗಿ? ಅದು ಯಂತ್ರ ಅಷ್ಟೆ, ಅಳೆಯುವುದು ಅದೇ ಬೆವರು, ಅದೇ ಎದೆಬಡಿತ. ನೀವು ಗೇಟ್ ಪಾಸ್ ಪುಸ್ತಕ ತರಿಸಿ. ಪುಟದ ನಂಬರು ಬಿಟ್ಟುಹೋಗಿದೆಯಾ ಅಂತ ಮೊದಲು ನೋಡಿ, ಆಮೇಲೆ ಇಲ್ಲಿ ಬರೆಯಿರಿ.